ನಮ್ಮೂರಿನ ಒತ್ತಡ 68.3

ಕಳೆದ ಆಷಾಢದಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಪ್ರಯೋಗಾಲಯದ ಗೋಡೆಯ ಮೇಲೆ, ಗಾಜಿನ ಬಾಗಿಲಿನ ಮರದ ಪೆಟ್ಟಿಗೆಯೊಳಗಿದ್ದ, ಗಾಳಿಯ ಒತ್ತಡವನ್ನು ಪಾದರಸದ ಕಂಬದ ಎತ್ತರದಿಂದ ಅಳೆಯುವ ಫೋರ್ಟಿನ್ ಬ್ಯಾರೋಮೀಟರು. ಆಮೇಲೆ ಅದರ ಮುಂದೆ ಕನ್ನಡಕವನ್ನು ಹಣೆಗೇರಿಸಿ ನಿಂತ ಮೇಷ್ಟ್ರು. 1978ರಲ್ಲಿ ನಾನು ಬೆಂಗಳೂರಿನ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಗ ನಾವು ಅವರನ್ನು ಬೆನ್ನ ಹಿಂದೆ ಪಾದರಸದ ಮೇಷ್ಟ್ರು ಎಂದು ಕರೆಯುತ್ತಿದ್ದೆವು. ಆ ಎರಡು ವರ್ಷಗಳ ಪಾಠಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಉಳಿದಿರುವುದು ಅವರು ಹೇಳಿಕೊಟ್ಟ ಒತ್ತಡದ ಲೆಕ್ಕ.

ಉಷ್ಣತೆ ಬದಲಾಗದಿದ್ದರೆ ಗಾಳಿಯ ಒತ್ತಡ ಮತ್ತು ಗಾತ್ರದ ಗುಣಲಬ್ಧವೂ ಬದಲಾಗದು ಎನ್ನುವ ಬಾಯ್ಲ್ ನಿಯಮದ ಪ್ರಯೋಗದಲ್ಲಿ ಕೊಳವೆಯ ಪಾದರಸದ ಎತ್ತರದ ವ್ಯತ್ಯಾಸಕ್ಕೆ ಆ ದಿನದ ವಾತಾವರಣದ ಒತ್ತಡವನ್ನು ಸೇರಿಸಬೇಕು. ನಾವು ನಾಲ್ವರು ಗೆಳೆಯರು ಪ್ರಯೋಗ ಮಾಡದೆಯೇ, ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕುಳಿತು, ಪಠ್ಯಪುಸ್ತಕದ 76 ಸೆಂಟಿಮೀಟರನ್ನೇ ಇಟ್ಟುಕೊಂಡು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗುಗಳನ್ನು ಬರೆದೆವು. ಒತ್ತಡ ಮತ್ತು ಗಾತ್ರದ ಗುಣಲಬ್ಧ ಎಲ್ಲ ಸಾಲುಗಳಲ್ಲೂ ಒಂದೇ ಬಂದಿತ್ತು. ಮೇಷ್ಟ್ರು ನಾಲ್ಕೂ ರೆಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ದನಿ ಏರಿಸದೆ, "ರಾತ್ರೋರಾತ್ರಿ ಕಾಲೇಜನ್ನು ಮಂಗಳೂರಿಗೆ ಸಾಗಿಸಿಬಿಟ್ಟಿರೇನಪ್ಪಾ?" ಎಂದು ಕೇಳಿದರು. 76 ಎಂಬುದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ನಮ್ಮ ತಲೆಯ ಮೇಲಿರುವ ಗಾಳಿ ಅಷ್ಟರಮಟ್ಟಿಗೆ ಕಡಿಮೆ. ಇಲ್ಲಿನ ಪಾದರಸ 68 ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ.

ಶಿಕ್ಷೆಯಾಗಿ ಹದಿನೈದು ದಿನ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಬ್ಯಾರೋಮೀಟರ್ ನೋಡಿ, ಪ್ರತಿ ರೀಡಿಂಗನ್ನೂ ಐದು ಮಾನಗಳಲ್ಲಿ ಬರೆದು ತೋರಿಸಬೇಕಾಯಿತು. ಕೆಳಗಿನ ತಿರುಪನ್ನು ತಿರುಗಿಸಿದರೆ ಚರ್ಮದ ಚೀಲ ಮೇಲೇರಿ, ಬಟ್ಟಲಿನ ಪಾದರಸ ಮೆಲ್ಲನೆ ಉಬ್ಬುತ್ತಿತ್ತು. ಅದರ ಕನ್ನಡಿಯಂಥ ಮೈಮೇಲೆ ದಂತದ ಮೊನೆಯ ಪ್ರತಿಬಿಂಬ ಕಾಣುತ್ತಿತ್ತು. ಮೊನೆಯೂ ಬಿಂಬವೂ ಒಂದನ್ನೊಂದು ಮುಟ್ಟುವ ಕ್ಷಣದಲ್ಲಿ ಕೈ ನಿಲ್ಲಿಸಿ, ಆಮೇಲೆ ವರ್ನಿಯರನ್ನು, ಅಂದರೆ ಜಾರುವ ಸೂಕ್ಷ್ಮ ಅಳತೆಪಟ್ಟಿಯನ್ನು, ಪಾದರಸದ ಉಬ್ಬಿದ ತುದಿಗೆ ಸರಿಹೊಂದಿಸಬೇಕಿತ್ತು. ಒಂದು ವಾರ ಕಳೆಯುವಷ್ಟರಲ್ಲಿ, ಹತ್ತು ಗಂಟೆಯ ರೀಡಿಂಗಿಗಿಂತ ನಾಲ್ಕು ಗಂಟೆಯದು ದಿನವೂ ಎರಡು ಮೂರು ಮಿಲಿಮೀಟರ್ ಕಡಿಮೆ ಇರುವುದು ನಮಗೇ ಕಂಡಿತು. ಉಷ್ಣವಲಯದ ಗಾಳಿಯ ನಿತ್ಯದ ಏರಿಳಿತವದು. ಮೇಷ್ಟ್ರು ಮೊದಲೇ ಹೇಳಿರಲಿಲ್ಲ. ನಾವೇ ಕಾಣಲಿ ಎಂದು ಕಾದಿದ್ದರು.

ಮಾನಗಳನ್ನು ಬದಲಾಯಿಸುವ ಪಟ್ಟಿಯನ್ನು ಬಾಯಿಪಾಠ ಮಾಡುವುದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಒತ್ತಡದ ಮಾನಕ್ಕೆ ಪ್ಯಾಸ್ಕಲ್ ಎಂಬ ಹೆಸರನ್ನು ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿದ್ದು 1971ರಲ್ಲಿ. ನಮ್ಮ ಪುಸ್ತಕಗಳಲ್ಲಿ ಇನ್ನೂ ಡೈನ್ ಎಂಬ ಹಳೆಯ ಮಾನದ್ದೇ ಕಾರುಬಾರು. ಆದರೂ ಅವರು, "ಪ್ಯಾಸ್ಕಲ್ ಅಂದರೆ ಮೆಜೆಸ್ಟಿಕ್ ಇದ್ದ ಹಾಗೆ. ಯಾವ ಬಡಾವಣೆಯಿಂದ ಹೊರಟರೂ ಮೊದಲು ಅಲ್ಲಿಗೆ ಬನ್ನಿ, ಅಲ್ಲಿಂದ ಬೇಕಾದ ಬಸ್ಸು ಹತ್ತಿ" ಎನ್ನುತ್ತಿದ್ದರು. ಒಂದು ಮಿಲಿಮೀಟರ್ ಪಾದರಸಕ್ಕೆ 133.3 ಪ್ಯಾಸ್ಕಲ್, ಒಂದು ಪಿಎಸ್‌ಐಗೆ (ಅಂದರೆ ಚದರ ಅಂಗುಲಕ್ಕೆ ಒಂದು ಪೌಂಡಿಗೆ) 6,895, ಚದರ ಸೆಂಟಿಮೀಟರಿಗೆ ಒಂದು ಕಿಲೋ ಎಂದರೆ 98,066.5, ಒಂದು ಬಾರ್‌ಗೆ ಸರಿಯಾಗಿ ಒಂದು ಲಕ್ಷ. ಈ ನಾಲ್ಕು ಸಂಖ್ಯೆಗಳಿಂದ ಟೈರಿನ 32 ಪಿಎಸ್‌ಐ ಸುಮಾರು 2.2 ಬಾರ್ ಆಗುತ್ತಿತ್ತು, ಡಾಕ್ಟರು ಹೇಳುವ 120ರ ರಕ್ತದೊತ್ತಡ 16 ಕಿಲೋಪ್ಯಾಸ್ಕಲ್ ಆಗುತ್ತಿತ್ತು, ನಮ್ಮ 68.3 ಸೆಂಟಿಮೀಟರ್ 91,000 ಪ್ಯಾಸ್ಕಲ್ಲಿನಷ್ಟಾಗುತ್ತಿತ್ತು. ಪ್ರತಿ ಲೆಕ್ಕದ ಕೊನೆಗೂ ಅವರದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಸೊನ್ನೆ ಎಲ್ಲಿಂದ ಶುರು?"

ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಹನ್ನೆರಡು ವರ್ಷಗಳ ನಂತರ, ಪೀಣ್ಯದ ಕಾರ್ಖಾನೆಯೊಂದರಲ್ಲಿ. ಕರಾವಳಿಯ ಘಟಕವೊಂದರ ನಕ್ಷೆಯನ್ನು ನೋಡಿ ಕಟ್ಟಿದ ಯಂತ್ರಕ್ಕೆ 700 ಮಿಲಿಮೀಟರ್ ವ್ಯಾಕ್ಯೂಮ್ ಬರಬೇಕೆಂದಿತ್ತು, ಅಂದರೆ ಒಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಅಷ್ಟು ಕಡಿಮೆಯಾಗಬೇಕಿತ್ತು. ಹೊರಗಿನ ಗಾಳಿಯನ್ನೇ ಸೊನ್ನೆಯೆಂದು ಎಣಿಸುವ ಗೇಜಿನ ಮುಳ್ಳು 670 ದಾಟುತ್ತಿರಲಿಲ್ಲ. ಪಂಪು ಬದಲಾಯಿಸಿದರು, ಸೀಲುಗಳನ್ನು ಬದಲಾಯಿಸಿದರು, ಫಿಟ್ಟರುಗಳು ಬೈಗುಳ ತಿಂದರು. ಒಟ್ಟು ಗಾಳಿಯೇ 683 ಮಿಲಿಮೀಟರ್ ಇರುವ ಊರಿನಲ್ಲಿ 700 ತೆಗೆಯುವುದು ಯಾವ ಪಂಪಿಗೂ ಸಾಧ್ಯವಿಲ್ಲವೆಂದು ಅಂದು ಎದ್ದು ಹೇಳಿದವನು ನಾನು. ಕರಾವಳಿಯಲ್ಲಿ 700 ತೆಗೆದರೆ ಒಳಗೆ 60 ಉಳಿಯುತ್ತದೆ, ಅಂದರೆ 8,000 ಪ್ಯಾಸ್ಕಲ್. ಅಷ್ಟನ್ನೇ ಇಲ್ಲಿ ಉಳಿಸಲು ಗೇಜು 623 ತೋರಿಸಿದರೆ ಸಾಕು. ನಮ್ಮ ಯಂತ್ರದೊಳಗೆ ಉಳಿದಿದ್ದದ್ದು ಬರೀ 13. ತಲೆತಗ್ಗಿಸಿ ನಿಂತಿದ್ದ ಫಿಟ್ಟರುಗಳ ಮುಖ ಅರಳಿದ್ದನ್ನು ನೆನೆದರೆ ಇಂದಿಗೂ ಹೆಮ್ಮೆಯಾಗುತ್ತದೆ.

ಈಗ ನನ್ನ ಮೊಮ್ಮಗಳ ಮೊಬೈಲು ಕಣ್ಣುಮಿಟುಕಿಸುವಷ್ಟರಲ್ಲಿ ಮಾನಗಳನ್ನು ಬದಲಾಯಿಸಿ ಕೊಡುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ. ಪಾದರಸ ವಿಷವಾದ್ದರಿಂದ ಪ್ರಯೋಗಾಲಯಗಳು ಅದನ್ನು ಕೈಬಿಡುತ್ತಿರುವುದೂ ಸರಿಯೇ. ಆದರೆ ಇದೇ ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿರುವ ಅವಳ ರೆಕಾರ್ಡಿನಲ್ಲಿ ವಾತಾವರಣದ ಒತ್ತಡ 76 ಎಂದು ಅಚ್ಚಾಗಿಯೇ ಬಂದಿರುವುದನ್ನೂ, ಅದಕ್ಕೆ ಪೂರ್ಣ ಅಂಕ ಸಿಕ್ಕಿರುವುದನ್ನೂ ಕಂಡು ಸಂಕಟವಾಯಿತು. ನಾವು ಕದ್ದು ಬರೆದು ಸಿಕ್ಕಿಬಿದ್ದದ್ದನ್ನೇ ಈಗ ಮಕ್ಕಳ ಕೈಗೆ ಸಿದ್ಧವಾಗಿ ಕೊಡುತ್ತಿದ್ದಾರೆ.

ಮೇಷ್ಟ್ರು ನಿವೃತ್ತರಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಪೀಣ್ಯದ ಕಥೆಯನ್ನು ಒಂದೂ ಬಿಡದೆ ಹೇಳಿದೆ. ಕಾಫಿ ಲೋಟವನ್ನು ಕೆಳಗಿಟ್ಟು ಕೊನೆಯವರೆಗೂ ಕೇಳಿದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, "ಗೇಜನ್ನು ಎಷ್ಟು ಗಂಟೆಗೆ ನೋಡಿದೆ?" ಎಂದರು. ಸಂಜೆ ನಾಲ್ಕರ ಹೊತ್ತಿಗೆ ಎಂದೆ. "ಹಾಗಾದರೆ 683ರಲ್ಲಿ ಒಂದೆರಡು ಮಿಲಿಮೀಟರ್ ಕಳೆದುಕೋ" ಎಂದು ಹೇಳಿ, ಪಕ್ಕದಲ್ಲಿದ್ದ ಮದುವೆಯ ಲಗ್ನಪತ್ರಿಕೆಯನ್ನು ಮಗುಚಿ, ಪೆನ್ನಿನೊಂದಿಗೆ ನನ್ನ ಮುಂದಿಟ್ಟರು.