ಗೋ ಕಲಿಯೋಕೆ ಯಾವ ಪುಸ್ತಕ ತಗೊಳ್ಳಲಿ?

ಚಿಕ್ಕಮಗಳೂರಿನಲ್ಲಿ ಗೋ ಅನ್ನುವ ಮಣೆ ಆಟ ಆಡುವವರು ತುಂಬಾ ಕಡಿಮೆ. ಹಾಗಾಗಿ ಯಾರಿಗಾದರೂ ಈ ಆಟದ ಹುಚ್ಚು ಹಿಡಿದರೆ ಪ್ರಶ್ನೆ ಸುತ್ತಿಕೊಂಡು ನನ್ನ ಹತ್ತಿರ ಬರುತ್ತದೆ. ಹಾಸನದ ಇಂಜಿನಿಯರಿಂಗ್ ಹುಡುಗರು ಕೇಳುತ್ತಾರೆ, ಮೂಡಿಗೆರೆ ಕಡೆಯ ತೋಟದವರು ಕೇಳುತ್ತಾರೆ, ಮಕ್ಕಳನ್ನು ಚೆಸ್ ಕ್ಲಾಸಿಗೆ ಬಿಟ್ಟು ಹೊರಗೆ ಕಾಯುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಯಾವ ಪುಸ್ತಕದಿಂದ ಶುರು ಮಾಡಲಿ?

ವಿವರಣೆ ಜಾಸ್ತಿ ಇರುವ ಪುಸ್ತಕ ಬೇಡ, ಲೆಕ್ಕ, ಅಂದರೆ ಬಿಡಿಸಬೇಕಾದ ಆಟದ ಸಮಸ್ಯೆಗಳು, ಜಾಸ್ತಿ ಇರುವ ಪುಸ್ತಕ ತಗೊಳ್ಳಿ. ಹೆಸರೇ ಬೇಕು ಅಂದರೆ, ಕಾನೋ ಯೋಶಿನೋರಿ ಅವರ 'ಗ್ರೇಡೆಡ್ ಗೋ ಪ್ರಾಬ್ಲಮ್ಸ್ ಫಾರ್ ಬಿಗಿನರ್ಸ್', ಮೊದಲನೇ ಭಾಗ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಣೆಯ ಮೇಲೆ ಅಡ್ಡ 19, ಉದ್ದ 19 ಗೆರೆ. ಗೆರೆ ಕೂಡುವ ಜಾಗ 361. ಒಬ್ಬರು ಕಪ್ಪು, ಒಬ್ಬರು ಬಿಳಿ, ಸರದಿಯಲ್ಲಿ ಒಂದೊಂದೇ ಕಾಯಿ ಇಡಬೇಕು. ಇಟ್ಟ ಕಾಯಿ ನಡೆಯೋದಿಲ್ಲ. ಅದರ ಪಕ್ಕದ ಖಾಲಿ ಜಾಗಗಳನ್ನೆಲ್ಲ ಎದುರಾಳಿ ಮುಚ್ಚಿದರೆ ಕಾಯಿ ಹೋಯಿತು. ಕೊನೆಗೆ ಜಾಸ್ತಿ ಜಾಗ ಕಟ್ಟಿಕೊಂಡವರು ಗೆದ್ದರು. ಆಡು ಹುಲಿ ಆಡಿದವರಿಗೆ ಇದರ ಅರ್ಧ ಆಗಲೇ ಗೊತ್ತು, ಅಲ್ವಾ? ಗೆರೆ ಕೂಡುವಲ್ಲಿ ಕಾಯಿ ಇಡೋದು, ದಾರಿ ಮುಚ್ಚಿ ಹುಲಿಯನ್ನು ಕಟ್ಟಿಹಾಕೋದು. ಇಲ್ಲಿ ಎರಡೂ ಕಡೆಯವರು ಆಡುಗಳೇ, ಅಷ್ಟೇ.

ನಿಯಮ ಇಷ್ಟು ಚಿಕ್ಕದಿರುವಾಗ ಅದನ್ನು ಕಲಿಸೋಕೆ ಒಂದು ಪುಸ್ತಕ ಕೊಳ್ಳೋದು ದುಡ್ಡು ದಂಡ. ಮೊದಲು ರಟ್ಟಿನ ಮೇಲೆ 9 ಗೆರೆಗೆ 9 ಗೆರೆ ಎಳೆದುಕೊಳ್ಳಿ. ಒಂದು ಕಡೆಗೆ ಹುಣಸೆ ಬೀಜ, ಇನ್ನೊಂದು ಕಡೆಗೆ ಒಣಗಿದ ಅವರೆಕಾಳು ಸಾಕು. ನಾಲ್ಕಾರು ಆಟ ಸೋತ ಮೇಲೆ ಪುಸ್ತಕದ ಮಾತು. ಆಡದೇ ಓದಿದರೆ ಏನೂ ತಲೆಗೆ ಹೋಗಲ್ಲ, ಯಾಕಂದರೆ ಪುಸ್ತಕ ಯಾವ ತೊಂದರೆಗೆ ಉತ್ತರ ಹೇಳುತ್ತಿದೆಯೋ ಆ ತೊಂದರೆಯೇ ನಿಮಗಿನ್ನೂ ಬಂದಿರುವುದಿಲ್ಲ.

ಲೆಕ್ಕದ ಪುಸ್ತಕವೇ ಯಾಕೆ? ಹೊಸಬರು ಸೋಲೋದು ದೊಡ್ಡ ಯೋಜನೆ ಗೊತ್ತಿಲ್ಲದೆ ಅಲ್ಲ. ತಮ್ಮ ಕಾಯಿಗೆ ಒಂದೇ ಉಸಿರು, ಅಂದರೆ ಪಕ್ಕದಲ್ಲಿ ಒಂದೇ ಖಾಲಿ ಜಾಗ, ಉಳಿದಿದೆ ಅನ್ನೋದು ಕಣ್ಣಿಗೆ ಬೀಳದೆ ಸೋಲುತ್ತಾರೆ. ಇದಕ್ಕೆ ಅತಾರಿ ಅನ್ನುತ್ತಾರೆ. ಯಾವ ಕಾಯಿ ಅತಾರಿಯಲ್ಲಿದೆ, ಈ ಗುಂಪಿಗೆ ಎರಡು ಕಣ್ಣು (ಎದುರಾಳಿ ತುಂಬಲಾಗದ ಹಾಗೆ ಒಳಗೆ ಉಳಿಸಿಕೊಂಡ ಖಾಲಿ ಜಾಗ) ಆಗುತ್ತಾ, ಓಡಿದರೆ ತಪ್ಪಿಸಿಕೊಳ್ಳುತ್ತಾ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಅಟ್ಟಿಸಿಕೊಂಡು ಹೋಗಿ ಅಂಚಿನಲ್ಲಿ ಸಾಯುತ್ತಾ, ಇದನ್ನೆಲ್ಲ ಎಷ್ಟು ಚೆನ್ನಾಗಿ ಬರೆದು ವಿವರಿಸಿದರೂ ಕಣ್ಣಿಗೆ ಅಭ್ಯಾಸ ಆಗೋದು ಚಿತ್ರ ನೋಡಿ ನೋಡಿಯೇ. ಕಾನೋ ಪುಸ್ತಕದಲ್ಲಿ ಇರೋದು ಅದೇ. ಒಂದು ಚಿತ್ರ, ಕಪ್ಪಿನ ಸರದಿ, ಪುಟ ತಿರುವಿದರೆ ಉತ್ತರ. ನಮ್ಮ ಕಡೆಯವರಿಗೆ ಇನ್ನೊಂದು ಲಾಭವೂ ಇದೆ. ಕನ್ನಡದಲ್ಲಿ ಗೋ ಪುಸ್ತಕ ನನ್ನ ಕಣ್ಣಿಗಂತೂ ಬಿದ್ದಿಲ್ಲ, ಇಂಗ್ಲಿಷಿನ ದಪ್ಪ ಪುಸ್ತಕ ಕೊಟ್ಟರೆ ಕನ್ನಡ ಮೀಡಿಯಂ ಹುಡುಗ ಅಲ್ಲೇ ಮುಚ್ಚಿಡುತ್ತಾನೆ. ಇದರಲ್ಲಿ ಮಾತೇ ಕಡಿಮೆ. ಆರನೇ ಕ್ಲಾಸಿನ ಮಗು ಕೂಡ ಕೂತು ಬಿಡಿಸಬಹುದು.

ಬಿಡಿಸುವಾಗ ಮಣೆ ಮುಟ್ಟಬೇಡಿ, ತಲೆಯಲ್ಲೇ ಕಾಯಿ ಇಟ್ಟು ನೋಡಿ. ಒಂದು ನಿಮಿಷದಲ್ಲಿ ಹೊಳೆಯದಿದ್ದರೆ ಉತ್ತರ ನೋಡಿಬಿಡಿ, ನಾಚಿಕೆ ಏನೂ ಇಲ್ಲ. ಮುಗಿದ ಮೇಲೆ ಮತ್ತೆ ಮೊದಲಿಂದ. ಮಳೆಗಾಲದಲ್ಲಿ ಮೂರು ದಿನ ಕರೆಂಟು ನೆಟ್‌ವರ್ಕು ಎರಡೂ ಇಲ್ಲದ ತೋಟದ ಮನೆಗಳಿಗೆ ಇದು ಆಪ್‌ಗಿಂತ ವಾಸಿ.

ಇಲ್ಲ, ನನಗೆ ಓದೋಕೂ ಏನಾದರೂ ಬೇಕು ಅನ್ನುವವರು ಇರುತ್ತಾರೆ. ಅವರಿಗೆ ಜಾನಿಸ್ ಕಿಮ್ ಮತ್ತು ಜಿಯಾಂಗ್ ಸೂ-ಹ್ಯುನ್ ಅವರ 'ಲರ್ನ್ ಟು ಪ್ಲೇ ಗೋ' ಸರಣಿಯ ಮೊದಲ ಪುಸ್ತಕ ಆಗಬಹುದು. ಭಾಷೆ ಹಗುರ, ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗಿದೆ. ಇವಾಮೊಟೊ ಕಾವೊರು ಅವರ 'ಗೋ ಫಾರ್ ಬಿಗಿನರ್ಸ್' ಚಿಕ್ಕದು, ಸ್ವಲ್ಪ ಬಿಗಿ, ಆದರೆ ಗಟ್ಟಿ. (1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿ ಹಾಶಿಮೊಟೊ ಜೊತೆ ಪಂದ್ಯ ಆಡುತ್ತಿದ್ದವರು ಇದೇ ಇವಾಮೊಟೊ. ಬಾಂಬಿನ ಹೊಡೆತಕ್ಕೆ ಕಾಯಿಗಳು ಚೆಲ್ಲಾಪಿಲ್ಲಿ ಆದವು. ಮತ್ತೆ ಜೋಡಿಸಿಕೊಂಡು ಆಟ ಮುಗಿಸಿದರು!) ಕಾಗೆಯಾಮ ತೋಷಿರೊ ಅವರ 'ಲೆಸನ್ಸ್ ಇನ್ ದ ಫಂಡಮೆಂಟಲ್ಸ್ ಆಫ್ ಗೋ' ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಮೊದಲ ಪುಸ್ತಕವಾಗಿ ಕೊಡಲ್ಲ. ಮನುಷ್ಯ ಬೈದು ಬೈದು ಕಲಿಸುತ್ತಾರೆ. ಒಂದಷ್ಟು ಕಾಲ ಆಡಿ ಕೈ ಪಳಗಿದವರಿಗೆ ಮಾತ್ರ ಆ ಬೈಗುಳ ನಾಟುತ್ತದೆ.

ಕೊಳ್ಳಲೇಬೇಡಿ ಅನ್ನೋದು ಜೊಸೆಕಿ ಪುಸ್ತಕ, ಅಂದರೆ ಮೂಲೆಯಲ್ಲಿ ಹೀಗೆ ಆಡಿದರೆ ಹೀಗೆ ಉತ್ತರ ಕೊಡಿ ಅಂತ ಪಟ್ಟಿ ಮಾಡಿದ್ದು. ಬಾಯಿಪಾಠ ಮಾಡಿಕೊಂಡು ಬಂದ ಹುಡುಗರ ಎದುರು ಬೇಕಂತಲೇ ಬೇರೆ ಕಡೆ ಕಾಯಿ ಇಟ್ಟು ನೋಡಿ, ಐದನೇ ನಡೆಗೇ ತಬ್ಬಿಬ್ಬಾಗುತ್ತಾರೆ. ಮೇಲಾಗಿ ಆ ಪಟ್ಟಿಗಳಲ್ಲಿ ಹಲವು ಈಗ ಹಳಸಿವೆ. 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ದೊಡ್ಡ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ ಮೇಲೆ ದೊಡ್ಡ ಆಟಗಾರರೇ ಆರಂಭದ ನಡೆಗಳನ್ನು ಬದಲಾಯಿಸಿಕೊಂಡರು. ಶುರುವಿನಲ್ಲೇ ಮೂಲೆಯ 3-3 ಜಾಗಕ್ಕೆ (ಎರಡೂ ಅಂಚಿನಿಂದ ಮೂರನೇ ಗೆರೆಗಳು ಕೂಡುವಲ್ಲಿ) ನುಗ್ಗೋದು ಮೊದಲು ದುಡುಕು ಅನ್ನಿಸಿಕೊಳ್ಳುತ್ತಿತ್ತು, ಈಗ ಮಾಮೂಲು. ಹಾಗಂತ ಹಳೇ ಪುಸ್ತಕ ಎಲ್ಲ ಎಸೆಯಬೇಕಿಲ್ಲ. ಬೆಂಗಳೂರಿನ ಅವೆನ್ಯೂ ರೋಡಿನಲ್ಲೋ ಮತ್ತೆಲ್ಲೋ ಎಪ್ಪತ್ತರ ದಶಕದ ಗೋ ಪುಸ್ತಕ ಸಿಕ್ಕರೆ ಒಳಗೆ ಏನಿದೆ ನೋಡಿ. ಕಾಯಿ ಹಿಡಿಯೋದು, ಗುಂಪು ಉಳಿಸೋದು, ಕೊಲ್ಲೋದು ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಎರಡು ಕಣ್ಣಿಲ್ಲದ ಗುಂಪು ಆಗಲೂ ಸಾಯುತ್ತಿತ್ತು, ಈಗಲೂ ಸಾಯುತ್ತದೆ. ಬರೀ ಆರಂಭದ ಆಟದ ಬಗ್ಗೆ ಇದ್ದರೆ ಅಲ್ಲೇ ಇಟ್ಟು ಬನ್ನಿ.

ತೀರಾ ಚಿಕ್ಕ ಮಕ್ಕಳಿಗೆ ಪುಸ್ತಕವೇ ಬೇಡ. ಮೊದಲು ಒಂದು ಕಾಯಿ ಹಿಡಿದವರು ಗೆದ್ದರು ಅಂತ ಆಡಿಸಿ, ಜಾಗದ ಲೆಕ್ಕ ಆಮೇಲೆ.

ಕಾನೋ ಪುಸ್ತಕದ ನಾಲ್ಕೂ ಭಾಗ ಒಟ್ಟಿಗೆ ತರಿಸಲಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಬೇಡ. ಮೊದಲ ಭಾಗ 30 ಕ್ಯೂ ಮಟ್ಟದವರಿಗೆ, ಅಂದರೆ ಆಗಷ್ಟೇ ಶುರು ಮಾಡಿದವರಿಗೆ. ಕಲಿತಂತೆ ಈ ಸಂಖ್ಯೆ ಇಳಿಯುತ್ತದೆ. ಎರಡನೇ ಭಾಗ 25 ಕ್ಯೂನಿಂದ ಶುರು. ಮೊದಲನೆಯದರ ಯಾವ ಪುಟ ತೆರೆದರೂ ಉತ್ತರ ತಕ್ಷಣ ಕಾಣುವ ಹಾಗಾದ ದಿನ ಎರಡನೆಯದನ್ನು ತರಿಸಿ. ಅಲ್ಲಿಯವರೆಗೆ ಉಳಿದ ದುಡ್ಡಿಗೆ ಒಳ್ಳೆಯ ಕಾಯಿ ಸೆಟ್ ತಗೊಳ್ಳಿ, ಅವರೆಕಾಳಿಗೆ ಹುಳ ಬೀಳುತ್ತದೆ.