ಎಂಟ್ರಿ ಇಲ್ಲ ಅಂತೈತಲ್ಲೋ ತಮ್ಮಾ

ಮಂಗಳವಾರದಿಂದ ತಲೇಲಿ ಒಂದೇ ಮಾತು ಸುತ್ತಾ ಇದೆ. "ಎಂಟ್ರಿ ಇಲ್ಲ ಅಂತೈತಲ್ಲೋ ತಮ್ಮಾ, ಗೇಟ್ ಪಾಸ್ ತಂದಿಲ್ಲೇನು?"

ಪುಣೆ ಹತ್ರ ಭೋಸರಿ ಎಂಐಡಿಸಿ ಅನ್ನೋ ಕೈಗಾರಿಕಾ ಪ್ರದೇಶದಲ್ಲಿ ಒಂದು ಶಾಪು, ಸ್ಪ್ರಿಂಗ್ ಟೆಸ್ಟ್ ಮಾಡೋ ಮಷೀನು, ಪಕ್ಕದಲ್ಲಿ ಗ್ರೀಸ್ ಹತ್ತಿ ಅಕ್ಷರನೇ ಕಾಣದ ಕೀಬೋರ್ಡು, ಹಳೇ ವಿಂಡೋಸ್ ಎಕ್ಸ್‌ಪಿ ಓಡೋ ಪೀಸಿ. ರೀಡಿಂಗ್ ಎತ್ತಿ ಫೈಲಿಗೆ ಹಾಕೋ ಪುಟ್ಟ ಪ್ರೋಗ್ರಾಂ ರಸ್ಟ್ ಅನ್ನೋ ಹೊಸ ಕಾಲದ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಲ್ಲಿ ಬರ್ಕೊಂಡು ಹೋಗಿದ್ದೆ. ಸಿ ಲ್ಯಾಂಗ್ವೇಜಲ್ಲೇ ಮುಗಿಸಬಹುದಿತ್ತು, ನಿಜ ಹೇಳ್ಬೇಕಂದ್ರೆ ಸ್ವಲ್ಪ ಕೊಬ್ಬು.

ಮೊದಲ ಸಲ "ವ್ಯಾಲಿಡ್ ವಿನ್32 ಅಪ್ಲಿಕೇಶನ್ ಅಲ್ಲ" ಅಂತು. ಅದು ಗೊತ್ತಿದ್ದಿದ್ದೇ, ಪ್ರೋಗ್ರಾಂ ಫೈಲ್ ಜೋಡಿಸೋ ಹೊಸ ಲಿಂಕರ್ ಅದರ ತಲೇಲಿ ವಿಂಡೋಸ್ 6.0 ಬೇಕು ಅಂತ ಬರೀತದೆ, ಎಕ್ಸ್‌ಪಿ ಇರೋದು 5.1. ಲ್ಯಾಪ್‌ಟಾಪಲ್ಲಿ ನಂಬರ್ ತಿದ್ದಿ ಪೆನ್ ಡ್ರೈವಲ್ಲಿ ಮತ್ತೆ ತಂದೆ. ಈ ಸಲ ಕೆಂಪು ಗುರುತಿನ ಡಬ್ಬಿ ಬಂತು, ಅಕ್ವೈರ್‌ಎಸ್‌ಆರ್‌ಡಬ್ಲ್ಯೂಲಾಕ್‌ಎಕ್ಸ್‌ಕ್ಲೂಸಿವ್ ಅನ್ನೋ ಪ್ರೊಸೀಜರ್ ಎಂಟ್ರಿ ಪಾಯಿಂಟ್ ಕರ್ನೆಲ್32 ಅನ್ನೋ ವಿಂಡೋಸಿನ ಫೈಲಲ್ಲಿ ಸಿಗಲಿಲ್ಲ ಅಂತ. ಮಷೀನ್ ನೋಡ್ಕೊಳ್ಳೋ ಕಾಕಾ ಇಂಡಿ ಕಡೆಯವ್ರು, ಕನ್ನಡಕ ಹಣೆಗೇರಿಸಿ ಒಂದೊಂದೇ ಅಕ್ಷರ ಓದಿದ್ರು, ಎಂಟ್ರಿ ಅನ್ನೋ ಪದಕ್ಕೆ ಬಂದು ನಿಂತ್ರು, ಆಮೇಲೆ ಆ ಗೇಟ್ ಪಾಸ್ ಮಾತು. ನಾನು ನಕ್ಕೆ. ಅವ್ರು ನಗಲಿಲ್ಲ.

ಓನರ್ ಮಗ ಬಂದು "ನವೀನ್ ಪೀಸಿ ಘ್ಯಾ ನಾ", ಹೊಸ ಪೀಸಿ ತಗೊಳ್ಳಿ ಅಂತ ಮರಾಠಿಯಲ್ಲಿ ಅಂದು ಫೋನ್ ನೋಡ್ತಾ ಹೋದ. ಪೀಸಿ ಒಳಗಿರೋ, ಮಷೀನಿನ ರೀಡಿಂಗ್ ತರೋ ಕಾರ್ಡಿಗೆ ಎಕ್ಸ್‌ಪಿ ಆದ್ಮೇಲೆ ಡ್ರೈವರೇ ಬಂದಿಲ್ಲ, ಈಗಿನ ಬೋರ್ಡಲ್ಲಿ ಆ ಸ್ಲಾಟೇ ಇಲ್ಲ, ಇದನ್ನ ಅವನಿಗೆ ಹೇಳೋದು ಬೇಡ ಅನ್ನಿಸ್ತು. ದುಡ್ಡಿರೋರಿಗೆ ಎಲ್ಲಾ ರಿಪೇರಿನೂ ಖರೀದಿನೇ.

ರಾತ್ರಿ ಪಿಂಪ್ರಿ ಸಿಗ್ನಲ್ಲಲ್ಲಿ ನಿಂತಾಗ ಹೊಳೀತು, ಕಾಕಾ ಹೇಳಿದ್ದೇ ಸರಿ. ಪ್ರೋಗ್ರಾಂ ಶುರು ಆಗೋ ಮುಂಚೆ ವಿಂಡೋಸಿನ ಲೋಡರು ಅದಕ್ಕೆ ಬೇಕಾದ ಫಂಕ್ಷನ್‌ಗಳ ಪಟ್ಟಿ ಹಿಡ್ಕೊಂಡು ನಿಲ್ತದೆ, ಒಂದು ಹೆಸರು ಸಿಗಲಿಲ್ಲ ಅಂದ್ರೂ ಇಡೀ ಪ್ರೋಗ್ರಾಮೇ ಗೇಟಿಂದ ವಾಪಸ್ಸು, ಆ ಫಂಕ್ಷನ್ ಜನ್ಮದಲ್ಲಿ ಕರೀದೇ ಇದ್ರೂ ಸೈತ. ಡಬ್ಬೀಲಿ ಕಂಡ ಆ ಉದ್ದ ಹೆಸರು ಒಂದು ಲಾಕಿನದು, ಅದು ಬಂದಿದ್ದು ಎಕ್ಸ್‌ಪಿ ಆದ್ಮೇಲಿನ ವಿಂಡೋಸ್ ವಿಸ್ಟಾದಲ್ಲಿ. ನಾನು ಅದನ್ನ ಎಲ್ಲೂ ಬರ್ದಿಲ್ಲ, ರಸ್ಟಿನ ಸ್ಟ್ಯಾಂಡರ್ಡ್ ಲೈಬ್ರರಿ ನನ್ನ ಪರವಾಗಿ ಕೇಳಿತ್ತು. 2024ರ ಮೇ ತಿಂಗಳಲ್ಲಿ ರಸ್ಟ್ 1.78 ಬಂದಾಗ ವಿಂಡೋಸ್ 7ನ್ನೇ ಮಾಮೂಲಿ ಪಟ್ಟಿಯಿಂದ ಕೆಳಗಿಳಿಸಿದ್ರು, ಇನ್ನು 2001ರ ಎಕ್ಸ್‌ಪಿನ ಯಾರು ಕೇಳ್ತಾರೆ.

ಕೇಳೋರು ಇದಾರೆ ಅನ್ನೋದೇ ಮಜಾ. ರಸ್ಟ್9ಎಕ್ಸ್ ಅಂತ ಒಂದಿದೆ, ಹಳೇ ವಿಂಡೋಸಿಗೆ ಹೊಂದಿಸಿದ ರಸ್ಟು, ವಿಂಡೋಸ್ 95ರ ತನಕ ಹೋಗ್ತದೆ. ಪ್ರೋಗ್ರಾಂ ತಯಾರು ಮಾಡೋ ಕಂಪೈಲರನ್ನ ಹಳೇ ಪೀಸಿಗೆ ಒಯ್ಯೋದೇನಿಲ್ಲ, ಅದು ನನ್ನ ಲ್ಯಾಪ್‌ಟಾಪಲ್ಲೇ ಇರ್ತದೆ, ಬದಲಾಗೋದು ಲೈಬ್ರರಿ. ಗೇಟಲ್ಲಿ ಹೆಸರು ಕೊಡೋದಿಲ್ಲ, ಒಳಗೆ ಹೋದ್ಮೇಲೆ ಮೆತ್ತಗೆ ವಿಚಾರಿಸ್ತದೆ, ಈ ಲಾಕ್ ಇದೆಯಾ, ಇದ್ರೆ ಕೊಡಿ, ಇಲ್ಲಾಂದ್ರೆ ಹಳೇದ್ರಲ್ಲೇ ಸುಧಾರಿಸ್ಕೋತೀನಿ. ಕಾಕಾನೂ ಹಾಗೇ, ಓನರ್ ಜೊತೆ ಮರಾಠಿ, ಬಿಹಾರದ ಹುಡುಗನ ಜೊತೆ ಹಿಂದಿ, ನನ್ನ ಜೊತೆ ವಿಜಯಪುರದ ಕನ್ನಡ. ನಾನು ಪುಣೆಗೆ ಬಂದು ಆರು ವರ್ಷ, ಈಗಲೂ ರಿಕ್ಷಾದವನ ಹತ್ರ ಇಂಗ್ಲಿಷಲ್ಲಿ ತೊದಲ್ತೀನಿ.

ಗುರುವಾರ ಮತ್ತೆ ಹೋದೆ. ಡಬಲ್ ಕ್ಲಿಕ್ ಮಾಡಿದ್ದು ಕಾಕಾನೇ. ಕಪ್ಪು ಕಿಟಕಿ ತೆರೀತು, ರೀಡಿಂಗ್ ಇಳಿಯೋಕೆ ಶುರು ಆಯ್ತು. "ಈಗ ಎಂಟ್ರಿ ಆತು," ಅಂದ್ರು, ಅಷ್ಟೇ, ಎದ್ದು ಮುಂದಿನ ಸ್ಪ್ರಿಂಗ್ ಕೂರ್ಸಿದ್ರು. ಮನೇಗೆ ಬಂದು ಫೈಲ್ ತೆಗೀತೀನಿ, ಎಲ್ಲಾ ಸಾಲಿನಲ್ಲೂ ತಾರೀಖು 01-01-2003. ಪೀಸಿಯ ಗಡಿಯಾರ ನಡೆಸೋ ಬೋರ್ಡಿನ ಸೆಲ್ ಸತ್ತಿದೆ. ಸೋಮವಾರ ಒಂದು ಸಿಆರ್2032 ಸೆಲ್ ತಗೊಂಡು ಹೋಗ್ಬೇಕು.