ಞ ಅಕ್ಷರ ಕೆಲಸಕ್ಕೆ ಬಂದ ಊರು

ಬೆಲೆ ಕೇಳಿದೆ. ಉತ್ತರ ಬರಲಿಲ್ಲ.

ಸಂಜೆ ಐದರ ಹೊತ್ತು. ಸೆನೆಗಲ್ ದೇಶದ ಡಕಾರ್ ನಗರ, ಸೂಂಬೆಡಿಯೂನ್ ಮೀನು ಪೇಟೆ. ಕಡಲಿಗೆ ಹೋಗಿದ್ದ ಉದ್ದುದ್ದ ದೋಣಿಗಳು ಒಂದೊಂದಾಗಿ ದಡಕ್ಕೆ ಬರುತ್ತಿದ್ದವು. ಮೈಯೆಲ್ಲ ಕೆಂಪು, ಹಳದಿ, ನೀಲಿ ಬಣ್ಣ. ಮರಳಿನ ಮೇಲೆ ಹೆಂಗಸರು ಮೀನು ರಾಶಿ ಹಾಕಿಕೊಂಡು ಕೂತಿದ್ದರು. ಮಲ್ಪೆಯ ಹತ್ತಿರ ಬೆಳೆದ ನನಗೆ ಈ ವಾಸನೆ, ಈ ಗದ್ದಲ ಹೊಸದಲ್ಲ. ಅಲ್ಲಿ ಯಾಬೊಯ್ ಅನ್ನುವ ಮೀನು ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಬೂತಾಯಿಯ ಹತ್ತಿರದ ನೆಂಟ ಅದು. ಹಾಗಾಗಿ ನೇರ ವ್ಯಾಪಾರಕ್ಕೇ ಇಳಿದೆ. ತಂಗಿ ಹೇಳಿಕೊಟ್ಟಿದ್ದ, ಅಲ್ಲಿನ ವೊಲೊಫ್ ಭಾಷೆಯ ಮಾತು ಒಂದೇ: "ಞಾತ ಲ?" ಎಷ್ಟು?

ಆ ಹೆಂಗಸು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಮೀನು ಕೆಳಗಿಟ್ಟಳು. "ಸಲಾಮಾಲೇಕುಂ" ಅಂದಳು. ನಾನು ತಡವರಿಸಿ ಉತ್ತರ ಕೊಟ್ಟೆ. "ನಾಂಗ ದೆಫ್?" ಹೇಗಿದ್ದೀಯಾ? ತಂಗಿ ಪಕ್ಕದಿಂದ ಪಿಸುಗುಟ್ಟಿದಳು: "ಮಾಂಗಿ ಫಿ ಅಂತ ಹೇಳು ಅಕ್ಕ." ಹೇಳಿದೆ. "ನಕ ವಾ ಕರ್ ಗ?" ಮನೆಯವರೆಲ್ಲ ಹೇಗಿದ್ದಾರೆ? "ಞುಂಗಿ ಫ." ಹೀಗೆ ಐದಾರು ಪ್ರಶ್ನೆ, ಐದಾರು ಉತ್ತರ. ಕೊನೆಗೆ "ಜಾಮ್ ರೆಕ್". ಶಾಂತಿಯೇ, ಬೇರೇನಿಲ್ಲ ಅಂತ ಅರ್ಥ. ಆಮೇಲೆ ಬೆಲೆ ಹೇಳಿದಳು: "ಞಾರಿ ತೇಮೇರ್." ಇನ್ನೂರು.

ಇಷ್ಟು ಕಡಿಮೆಗೆ ಇಷ್ಟು ಮೀನಾ ಅಂತ ಖುಷಿಯಿಂದ 200 ಫ್ರಾಂಕ್ ಕೊಟ್ಟೆ. ಸುತ್ತಲಿನ ಹೆಂಗಸರೆಲ್ಲ ನಕ್ಕರು. ಆಗ ತಂಗಿ ಲೆಕ್ಕ ಬಿಡಿಸಿದಳು. ವೊಲೊಫಿನಲ್ಲಿ ದುಡ್ಡು ಎಣಿಸುವುದು ಫ್ರಾಂಕಿನಲ್ಲಲ್ಲ, 'ದರಮ್' ಲೆಕ್ಕದಲ್ಲಿ. ಒಂದು ದರಮ್ ಅಂದರೆ ಐದು ಫ್ರಾಂಕ್. ಇನ್ನೂರು ಅಂದರೆ 1000 ಫ್ರಾಂಕ್. ನೋಟಿನ ಮೇಲೆ ಒಂದು ಸಂಖ್ಯೆ, ಬಾಯಲ್ಲಿ ಇನ್ನೊಂದು. ನನಗೆ ಅಜ್ಜಿ ನೆನಪಾದಳು. ಆಣೆ ಹೋಗಿ ಪೈಸೆ ಬಂದು ಎಷ್ಟೋ ವರ್ಷ ಆದಮೇಲೂ ಅವಳ ಬಾಯಲ್ಲಿ ನಾಲ್ಕಾಣೆ, ಎಂಟಾಣೆಯೇ ಇತ್ತು.

ತಂಗಿಯ ಗಂಡನಿಗೆ ಡಕಾರ್‌ನಲ್ಲಿ ಕೆಲಸ. ಹಾಗಾಗಿ ಕಳೆದ ಜನವರಿಯಲ್ಲಿ ಮೂರು ವಾರ ಅಲ್ಲಿ ಇದ್ದು ಬಂದೆ. ಬೀಚು, ಸ್ಮಾರಕ, ಗೋರೆ ದ್ವೀಪ ಎಲ್ಲ ನೋಡಿದೆ. ಆದರೆ ಬರೆಯಬೇಕು ಅನ್ನಿಸಿದ್ದು ಅಲ್ಲಿನ ಜನರ ಮಾತಿನ ಬಗ್ಗೆ.

ಪಕ್ಕದ ಮನೆಯಿಂದಲೇ ಶುರು ಮಾಡುತ್ತೇನೆ. ಮನೆಯೊಡತಿ ಜೋಲಾ ಜನಾಂಗದವರು, ದಕ್ಷಿಣದ ಕಾಸಮಾನ್ಸ್ ಪ್ರದೇಶದವರು. ಗಂಡ ಸೆರೇರ್. ಇಬ್ಬರ ತಾಯಿನುಡಿಯೂ ವೊಲೊಫ್ ಅಲ್ಲ. ಆದರೂ ಮನೆಯ ಭಾಷೆ ವೊಲೊಫ್. ಮಕ್ಕಳು ಜಗಳ ಆಡುವುದೂ, ಕನಸಿನಲ್ಲಿ ಬಡಬಡಿಸುವುದೂ ವೊಲೊಫಿನಲ್ಲೇ. ಶಾಲೆಗೆ ಹೋದರೆ ಫ್ರೆಂಚ್. ಸಂಜೆ ಕುರಾನ್ ಪಾಠಕ್ಕೆ ಅರಬ್ಬಿ. ಎದುರಿನ ಅಂಗಡಿಯವನದು ಪುಲಾರ್. ಏಳು ವರ್ಷದ ಹುಡುಗಿ ಅಲ್ಲಿಗೆ ಸಕ್ಕರೆ ತರಲು ಹೋದರೆ ಅವನಿಗೆ "ಜಾಮ್ ತನ್" ಅನ್ನುತ್ತಾಳೆ. ಪುಲಾರ್‌ನಲ್ಲಿ ಅದೂ 'ಶಾಂತಿಯೇ' ಅಂತ.

ಸೆನೆಗಲ್‌ನ ಸರ್ಕಾರಿ ಭಾಷೆ ಫ್ರೆಂಚ್. 2001ರ ಸಂವಿಧಾನ ಜೋಲಾ, ಮಲಿಂಕೆ, ಪುಲಾರ್, ಸೆರೇರ್, ಸೋನಿಂಕೆ, ವೊಲೊಫ್ ಈ ಆರನ್ನು ಹೆಸರಿಸಿ ರಾಷ್ಟ್ರೀಯ ಭಾಷೆಗಳು ಎನ್ನುತ್ತದೆ. ಕಾಗದದ ಮೇಲೆ ಆರೂ ಸಮಾನ. ಬೀದಿಯಲ್ಲಿ ಹಾಗಲ್ಲ. ಬಸ್ಸು, ಪೇಟೆ, ಟಿವಿ ಚರ್ಚೆ, ಎಲ್ಲಿ ಹೋದರೂ ವೊಲೊಫ್. ವೊಲೊಫ್ ಜನಾಂಗದವರು ದೇಶದ ಅರ್ಧದಷ್ಟೂ ಇಲ್ಲ, ಆದರೆ ಹೆಚ್ಚಿನವರಿಗೆ ಈ ಮಾತು ಬರುತ್ತದೆ. ಇದನ್ನು ಕಲಿಯಲೇಬೇಕು ಅಂತ ಯಾವ ಸರ್ಕಾರವೂ ಹೇಳಿದ್ದಲ್ಲ. ಬೇರೆ ಬೇರೆ ಊರಿನಿಂದ ಬಂದವರು ಡಕಾರ್‌ನಲ್ಲಿ ಒಬ್ಬರಿಗೊಬ್ಬರು ಮೀನು ಮಾರಬೇಕಿತ್ತು, ಮನೆ ಬಾಡಿಗೆಗೆ ಕೊಡಬೇಕಿತ್ತು, ಮದುವೆ ಆಗಬೇಕಿತ್ತು. ಅದಕ್ಕೆಲ್ಲ ಒಂದು ಮಾತು ಬೇಕಾಯಿತು.

ಒಂದು ದಿನ 'ಕಾರ್ ರಾಪಿಡ್' ಹತ್ತಿದೆವು. ನೀಲಿ-ಹಳದಿ ಬಣ್ಣದ ಹಳೆಯ ವ್ಯಾನ್‌ಗಳು, ಹಣೆಯ ಮೇಲೆ 'ಅಲ್ಹಮ್ದುಲಿಲ್ಲಾಹ್' ಬರಹ. ಹಿಂದಿನ ಬಾಗಿಲಲ್ಲಿ ಹುಡುಗನೊಬ್ಬ ನೇತಾಡುತ್ತಾ ಊರಿನ ಹೆಸರು ಕೂಗುತ್ತಾನೆ. ಮುಂದೆ ಕೂತವರ ದುಡ್ಡು ಕೈಯಿಂದ ಕೈಗೆ ದಾಟಿ ಅವನಿಗೆ ತಲುಪುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್. ಇಳಿಯಬೇಕಾದರೆ ನಾಣ್ಯದಿಂದ ತಗಡಿಗೆ ಟಕ್ ಟಕ್. ನಮ್ಮ ಕರಾವಳಿಯ ಬಸ್ಸಿನ ಸೀಟಿಯೂ, "ರೈಟ್ ಪೋಯಿ" ಕೂಗೂ ಕಿವಿಯಲ್ಲಿ ಕೇಳಿದ ಹಾಗಾಯಿತು. ನಗರದ ದೊಡ್ಡ ಬಸ್ಸುಗಳ ಸಂಸ್ಥೆಯ ಹೆಸರು 'ಡಕಾರ್ ದೆಮ್ ದಿಕ್'. ದೆಮ್ ಅಂದರೆ ಹೋಗು, ದಿಕ್ ಅಂದರೆ ಬಾ. ಹೋಗಿ ಬರುವ ಬಸ್ಸು! ಇದಕ್ಕಿಂತ ಚೆಂದದ ಹೆಸರು ಬಸ್ಸಿಗೆ ಬೇಕಾ?

ಭಾಷೆ ಕಲಿಯುವ ಹುಚ್ಚು ಹತ್ತಿದ್ದು ಪಕ್ಕದ ಮನೆಯ ಊಟದಲ್ಲಿ. ಶುಕ್ರವಾರ ಮಧ್ಯಾಹ್ನ ಕರೆದಿದ್ದರು. ಚಾಪೆಯ ನಡುವೆ ಒಂದೇ ದೊಡ್ಡ ತಟ್ಟೆ, ಸುತ್ತ ಎಂಟು ಜನ. ಚೆಬು ಜೆನ್, ಅಂದರೆ ಮೀನಿನ ಅನ್ನ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅಡುಗೆ ಇದು. ಟೊಮೆಟೊ ಹಾಕಿ ಕೆಂಪಗಾದ ಅನ್ನದ ಮೇಲೆ ಮೀನು, ಎಲೆಕೋಸು, ಗಜ್ಜರಿ, ಮರಗೆಣಸು. ಅಕ್ಕಿ ನುಚ್ಚಕ್ಕಿ. ಅಲ್ಲಿ ನುಚ್ಚಕ್ಕಿಯೇ ಇಷ್ಟ, ಸಾರು ಚೆನ್ನಾಗಿ ಹೀರುತ್ತದೆ ಅನ್ನುತ್ತಾರೆ. ಭಾರತದಿಂದ ತುಂಬಾ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತ ನುಚ್ಚಕ್ಕಿ ರಫ್ತು ನಿಲ್ಲಿಸಿದ್ದನ್ನು ಮನೆಯೊಡತಿ ಇನ್ನೂ ಮರೆತಿಲ್ಲ. ನಮ್ಮಲ್ಲಿ ಅಗ್ಗದ ಅಕ್ಕಿ ಅಂತ ಬದಿಗಿಡುವ ನುಚ್ಚಿಗೆ ಅಲ್ಲಿರುವ ಮರ್ಯಾದೆ ನೋಡಿ ಮನಸ್ಸು ತುಂಬಿತು.

ಬಲಗೈಯಲ್ಲೇ ತಿನ್ನಬೇಕು, ತಟ್ಟೆಯಲ್ಲಿ ನಮ್ಮ ಮುಂದಿರುವಷ್ಟೇ ತಿನ್ನಬೇಕು. ಮನೆಯೊಡತಿ ನಡುವಿನ ಮೀನು ಮುರಿದು ಮುರಿದು ನನ್ನ ಕಡೆಗೆ ತಳ್ಳುತ್ತಿದ್ದರು. ತಳ ಹಿಡಿದ ಅನ್ನವನ್ನು ಬೇರೆಯಾಗಿ ಕೆರೆದು ತಂದರು. ಅದಕ್ಕೆ ಅಲ್ಲೂ ಮಕ್ಕಳ ಜಗಳ!

ಊಟ ಮುಗಿದು ಚಹಾ ಶುರುವಾಯಿತು. ಅತ್ತಾಯ ಎನ್ನುವ ಈ ಚಹಾ ಮೂರು ಸುತ್ತು. ಮೊದಲನೆಯದು ಕಹಿ, ಕೊನೆಯದು ಪೂರ್ತಿ ಸಿಹಿ. ಎರಡು ಗಂಟೆ ಬೇಕು. ಆ ಎರಡು ಗಂಟೆಯಲ್ಲಿ ನನಗೆ 'ಞ್ಜಾಯ್' ಅನ್ನುವ ಮನೆತನದ ಹೆಸರು ಕೊಟ್ಟರು. ಮನೆಗೆ ಬಂದ ನೆಂಟರಿಗೆ ಹೀಗೆ ಹೆಸರು ಕೊಡುವುದು ಅಲ್ಲಿ ಪ್ರೀತಿಯ ರೂಢಿ. ಅಷ್ಟರಲ್ಲಿ ಬಂದ ಒಬ್ಬ ಜೋಪ್ ಮನೆತನದ ಹಿರಿಯರು ನನ್ನ ಕಡೆ ಬೆರಳು ತೋರಿಸಿ, "ಯಾ ಲೆಕ್ ಚೇಬ್ ಬಿ!" ಅಂದರು. ಅನ್ನ ತಿಂದು ಮುಗಿಸಿದ್ದು ನೀನೇ! ನಾನು ಬೆಚ್ಚಿದೆ. ಎಲ್ಲರೂ ನಗುತ್ತಿದ್ದರು. ಞ್ಜಾಯ್ ಮತ್ತು ಜೋಪ್ ಮನೆತನದವರು ಒಬ್ಬರನ್ನೊಬ್ಬರು ಹೊಟ್ಟೆಬಾಕ ಅಂತ ಛೇಡಿಸಬಹುದು, ಯಾರೂ ಸಿಟ್ಟಾಗುವಂತಿಲ್ಲ. ಸೆರೇರ್ ಮತ್ತು ಜೋಲಾ ಜನಾಂಗಗಳ ನಡುವೆಯೂ ಇಂಥದೇ ಸಲುಗೆ. ಅದಕ್ಕೊಂದು ಕಥೆ ಇದೆ. ಆಗೆನ್, ಜಾಂಬೋಞ್ ಅಂತ ಇಬ್ಬರು ಅಕ್ಕತಂಗಿಯರು ದೋಣಿಯಲ್ಲಿ ಹೋಗುತ್ತಿದ್ದರು. ದೋಣಿ ಎರಡಾಯಿತು. ಒಬ್ಬಳ ಮಕ್ಕಳು ಜೋಲಾ, ಇನ್ನೊಬ್ಬಳ ಮಕ್ಕಳು ಸೆರೇರ್. ಗಂಡಹೆಂಡತಿ ಇಬ್ಬರೂ ಕಥೆ ಹೇಳುವಾಗ ಒಬ್ಬರ ಮಾತು ಒಬ್ಬರು ಕಸಿದುಕೊಳ್ಳುತ್ತಿದ್ದರು.

ರಾತ್ರಿ ಆ ವಾಕ್ಯವೇ ತಲೆಯಲ್ಲಿ ತಿರುಗುತ್ತಿತ್ತು. 'ಯಾ ಲೆಕ್ ಚೇಬ್' ಅಂದರೆ ಅನ್ನ ತಿಂದದ್ದು ನೀನೇ. 'ಚೇಬ್ ಙ ಲೆಕ್' ಅಂದರೆ ನೀನು ತಿಂದದ್ದು ಅನ್ನವನ್ನೇ. ಕ್ರಿಯಾಪದ ಅಲ್ಲಾಡುವುದಿಲ್ಲ, ಒತ್ತು ಎಲ್ಲಿ ಬೀಳಬೇಕೋ ಅದಕ್ಕೆ ತಕ್ಕಂತೆ ಸರ್ವನಾಮ ಬದಲಾಗುತ್ತದೆ. ಈ ಕೆಲಸವನ್ನು ನಾವು ಒಂದು ಸಣ್ಣ 'ಏ' ಹಚ್ಚಿ ಮಾಡುತ್ತೇವೆ. ಇನ್ನೊಂದು ನೋಡಿ. ಮೀನು ಪೇಟೆಯಲ್ಲಿ ನನ್ನ ಬಗ್ಗೆ ಹೇಳುವಾಗ 'ಫಿ', ಮನೆಯವರ ಬಗ್ಗೆ 'ಫ'. ಫಿ ಅಂದರೆ ಇಲ್ಲಿ, ಫ ಅಂದರೆ ಅಲ್ಲಿ. 'ಖಲೆ ಬಿ' ಅಂದರೆ ಈ ಮಗು, 'ಖಲೆ ಬ' ಅಂದರೆ ಆ ಮಗು. ನಮ್ಮ ಇಲ್ಲಿ-ಅಲ್ಲಿಯ ಹಾಗೇ ಹತ್ತಿರಕ್ಕೆ ಇ, ದೂರಕ್ಕೆ ಅ! ಶಾಲೆಯಲ್ಲಿ ಙ, ಞ ಬರೆಯಲು ಕಷ್ಟಪಟ್ಟು ಕಲಿತೆ, ಆಮೇಲೆ ಅವು ಬೇಕಾಗಿದ್ದೇ ಕಡಿಮೆ. ಇಲ್ಲಿ ನನ್ನ ಟಿಪ್ಪಣಿ ಪುಸ್ತಕದ ತುಂಬ ಞ. ಎರಡು 'ಞಾರ್', ಮೂರು 'ಞೆಟ್'. ಫ್ರೆಂಚರ ಅಕ್ಷರದಲ್ಲಿ ಬರೆದದ್ದಕ್ಕಿಂತ ಕನ್ನಡದಲ್ಲಿ ಬರೆದುಕೊಂಡದ್ದು ನಾಲಿಗೆಗೆ ಸಲೀಸಾಗಿ ಬರುತ್ತಿತ್ತು.

ಈ ಇ-ಅ ಹೋಲಿಕೆ ನೋಡಿ ಮೈ ಜುಮ್ಮೆಂದದ್ದು ನನಗೊಬ್ಬಳಿಗೇ ಅಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಓದುವಾಗ ತುಳು ನಿಘಂಟಿನ ಆರು ಸಂಪುಟಗಳನ್ನು ನೋಡಿದ್ದೆ. ಅದನ್ನು ಸಂಪಾದಿಸಿದ ಡಾ. ಯು. ಪಿ. ಉಪಾಧ್ಯಾಯರು ಮತ್ತು ಅವರ ಪತ್ನಿ ಸುಶೀಲಾ ಉಪಾಧ್ಯಾಯರು 1970ರ ದಶಕದಲ್ಲಿ ಇದೇ ಡಕಾರ್‌ನಲ್ಲಿದ್ದರು. ದ್ರಾವಿಡ ಭಾಷೆಗಳಿಗೂ ಆಫ್ರಿಕದ ಭಾಷೆಗಳಿಗೂ ನಂಟು ಇದೆಯೇ ಅಂತ ಹುಡುಕಿದರು. ಕವಿಯೂ ಆಗಿದ್ದ ಅಂದಿನ ಅಧ್ಯಕ್ಷ ಸೆಂಗೋರ್‌ಗೆ ಈ ವಿಷಯದಲ್ಲಿ ತುಂಬಾ ಆಸಕ್ತಿ ಇತ್ತು. ಆ ನಂಟನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಇ-ಅ ಹೋಲಿಕೆ ಆಕಸ್ಮಿಕವೇ ಇರಬಹುದು. ಆದರೂ ಡಕಾರ್ ವಿಶ್ವವಿದ್ಯಾಲಯದ ಮರದ ನೆರಳಲ್ಲಿ ನಿಂತಾಗ ಎದೆ ಉಬ್ಬಿತು. ನಮ್ಮೂರಿನ ಇಬ್ಬರು ಇಲ್ಲಿ ಓಡಾಡಿ ಈ ಮಾತುಗಳನ್ನು ಕಿವಿಗೊಟ್ಟು ಕೇಳಿದ್ದರಲ್ಲ!

ಆ ವಿಶ್ವವಿದ್ಯಾಲಯಕ್ಕೆ ಈಗ ಸೆನೆಗಲ್‌ನ ಇತಿಹಾಸಕಾರ 'ಶೇಖ್ ಅಂತಾ ಜೋಪ್' ಅವರ ಹೆಸರು. ವೊಲೊಫ್‌ನಲ್ಲಿ ವಿಜ್ಞಾನ ಹೇಳಲು ಆಗುವುದಿಲ್ಲ ಅಂದವರಿಗೆ ಅವರು ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತದ ಭಾಗವನ್ನೇ ವೊಲೊಫ್‌ಗೆ ತಂದು ತೋರಿಸಿದರು. ಸಿನಿಮಾ ನಿರ್ದೇಶಕ ಉಸ್ಮಾನ್ ಸೆಂಬೆನ್ 1971ರಲ್ಲಿ ಗೆಳೆಯರ ಜೊತೆ ವೊಲೊಫ್ ಪತ್ರಿಕೆ ಶುರು ಮಾಡಿದರು. ಅವರ 'ಚೆಡ್ಡೊ' ಚಿತ್ರವನ್ನು ಸೆಂಗೋರ್ ಸರ್ಕಾರ ತಡೆಹಿಡಿಯಿತು. ಹೇಳಿದ ಕಾರಣ ಏನು ಗೊತ್ತಾ? ಹೆಸರಿನಲ್ಲಿ ಒಂದೇ 'ಡಿ' ಇರಬೇಕು, ಎರಡು ಬರೆದಿದ್ದಾರೆ ಅಂತ. ಒಂದು ಒತ್ತಕ್ಷರಕ್ಕಾಗಿ ಸಿನಿಮಾ ನಿಂತಿತು. ಚಿತ್ರದಲ್ಲಿದ್ದ ವಿಷಯವೇ ನಿಜವಾದ ಕಾರಣ ಅನ್ನುವವರೂ ಇದ್ದಾರೆ. ಏನೇ ಇರಲಿ, ತನ್ನ ಮಾತನ್ನು ತನ್ನ ಉಚ್ಚಾರದ ಹಾಗೇ ಬರೆಯುತ್ತೇನೆ ಅಂತ ಹಟ ಹಿಡಿದವರ ಮೇಲೆ ನನಗೆ ದೊಡ್ಡ ಗೌರವ. ತುಳು ಮಾತಾಡುವ ಮನೆಯಿಂದ ಕನ್ನಡ ಶಾಲೆಗೆ ಹೋದ ಮೊದಲ ದಿನ "ನೀರ್ ಬೋಡು" ಅಂದದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಬಾಯಾರಿಕೆ ಮರೆತಿದೆ, ಆ ನಗು ಮರೆತಿಲ್ಲ.

ಹೊರಡುವ ಎರಡು ದಿನ ಮೊದಲು ಪಕ್ಕದ ಮನೆಗೆ ಮನೆಯೊಡತಿಯ ತಾಯಿ ಬಂದರು. ಮಕ್ಕಳು 'ಮಾಮ್' ಅಂತ ಕರೆಯುತ್ತಿದ್ದರು. ಅಜ್ಜಿ ಅಂತ. ಅವರಿಗೆ ವೊಲೊಫ್ ಅಷ್ಟಕ್ಕಷ್ಟೆ. ಮೊಮ್ಮಕ್ಕಳಿಗೆ ಜೋಲಾ ಬರುವುದೇ ಇಲ್ಲ. ಅಜ್ಜಿ ಏನೋ ಉದ್ದಕ್ಕೆ ಹೇಳುವುದು, ಹುಡುಗಿ ಅಮ್ಮನ ಮುಖ ನೋಡುವುದು, ಅಮ್ಮ ಅದನ್ನು ವೊಲೊಫಿನಲ್ಲಿ ಹೇಳುವುದು. ಫ್ರೆಂಚಿನ ಎದುರು ಎದೆಯೆತ್ತಿ ನಿಂತ ಭಾಷೆಯೇ ಈ ಅಂಗಳದಲ್ಲಿ ಇನ್ನೊಂದು ಭಾಷೆಯನ್ನು ಬದಿಗೆ ಸರಿಸಿತ್ತು. ಬಲವಂತ ಇರಲಿಲ್ಲ, ಕೇಡು ಬಯಸಿದವರೂ ಯಾರಿಲ್ಲ. ಆದರೂ ನನಗೆ ಸಂಕಟವಾಯಿತು. ಮಂಗಳೂರು, ಬೆಂಗಳೂರಿನ ನಮ್ಮವರ ಮನೆಗಳಲ್ಲೂ ಅಜ್ಜಿಯ ಮಾತಿಗೆ ಹೀಗೆ ನಡುವೆ ಒಬ್ಬರು ಬೇಕಾಗಿದೆ, ಅಲ್ವಾ?

ತಂಗಿಯಿಂದ ಕಲಿತುಕೊಂಡು ಹೋಗಿ ಅಜ್ಜಿಯ ಹತ್ತಿರ ಕೂತೆ. "ಕಸುಮಾಯ್" ಅಂದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು "ಕಸುಮಾಯ್ ಕೆಪ್" ಅಂದರು. ಶಾಂತಿಯೇ. ಹುಡುಗಿ ಹತ್ತಿರ ಬಂದು, "ನನಗೂ ಹೇಳಿಕೊಡು" ಅಂತ ಅಜ್ಜಿಯ ತೋಳು ಎಳೆದಳು. ವೊಲೊಫಿನಲ್ಲೇ ಕೇಳಿದಳು. ಅಜ್ಜಿಗೆ ಅದು ಅರ್ಥವಾಯಿತು.

ಹೊರಡುವ ದಿನ ಎಲ್ಲರೂ ಗೇಟಿನ ತನಕ ಬಂದರು. ನಾನು "ಜರಜಫ್" ಅಂದೆ, ಧನ್ಯವಾದ. "ಞೋ ಕೊ ಬೊಕ್" ಅಂದರು ಮನೆಯೊಡತಿ. ಅದು ನಮ್ಮಿಬ್ಬರದೂ ಅಂತ ಅರ್ಥ. ಆಮೇಲೆ ಅವರು ಎಡಗೈ ಚಾಚಿದರು. ನಾನು ಹಿಂಜರಿದೆ. ಮೂರು ವಾರ ಯಾರೂ ಎಡಗೈಯಲ್ಲಿ ಏನೂ ಕೊಟ್ಟಿರಲಿಲ್ಲ. ತಂಗಿ ಹೇಳಿದಳು: "ದೂರ ಹೋಗುವವರಿಗೆ ಎಡಗೈಯೇ ಕೊಡುವುದು ಅಕ್ಕ. ಎಡಗೈ ಕೊಡುವುದು ತಪ್ಪಲ್ವಾ? ತಪ್ಪು ಸರಿಮಾಡುವುದಕ್ಕೆ ಮತ್ತೆ ಬರಬೇಕಾಗ್ತದೆ."

ನಾನೂ ಎಡಗೈ ಕೊಟ್ಟೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ತುಳು. "ಪೋದು ಬರ್ಪೆ" ಅಂದೆ. ಹೋಗಿ ಬರುತ್ತೇನೆ. ಹುಡುಗಿ ಅಮ್ಮನ ಮುಖ ನೋಡಿದಳು. ತಂಗಿ ಅವಳಿಗೆ ವೊಲೊಫಿನಲ್ಲಿ ಹೇಳಿದಳು: "ದೆಮ್, ದಿಕ್."